ಐದೂವರೆಗೆ ಮುಂಚಿನ ಹಾಲು: ಡೇಟಾಬೇಸಿನ ಸಮಯವನ್ನು ಯುನಿಕ್ಸ್ ಎಣಿಕೆಗೆ ತರುವಾಗ

“ಸಾರ್, ಒಂದನೇ ತಾರೀಕು ಬೆಳಗಿನ ಹಾಲಲ್ಲಿ ಕೆಲವರದ್ದು ಕಾಣ್ತಾನೇ ಇಲ್ಲ. ಎಲ್ಲೋಯ್ತು?”

2024ರ ಮಾರ್ಚ್ ಮೊದಲ ವಾರ. ಹಳ್ಳಿಯೊಂದರ ಹಾಲು ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿದ್ದರು. ಹಾಲು ಎಲ್ಲೂ ಹೋಗಿರಲಿಲ್ಲ. ಕ್ಯಾನಿಗೆ ಬಿದ್ದಿತ್ತು, ಫ್ಯಾಟ್ ನೋಡಿಯಾಗಿತ್ತು, ಚೀಟಿಯೂ ಕೈಗೆ ಸಿಕ್ಕಿತ್ತು. ನಾನು ಬರೆದ ರಿಪೋರ್ಟಿನಲ್ಲಿ ಮಾತ್ರ ಅದು ಫೆಬ್ರವರಿ 29ರ ರಾತ್ರಿಗೆ ಸರಿದು ಕೂತಿತ್ತು. ಆ ಕಂತಿನ ಬಟವಾಡೆಯ ಲೆಕ್ಕ ಆಗಲೇ ಮುಗಿದಿತ್ತು. ಸರಿದದ್ದು ಕೂಡ ಎಲ್ಲರದ್ದಲ್ಲ, ಐದೂವರೆಗೆ ಮುಂಚೆ ಬಂದವರದ್ದು ಮಾತ್ರ. ಐದು ಮುಕ್ಕಾಲಿಗೆ ಕಣ್ಣುಜ್ಜಿಕೊಂಡು ಬಂದವರ ಹಾಲು ಮಾರ್ಚ್ ಒಂದರಲ್ಲೇ ಭದ್ರವಾಗಿತ್ತು. ಬೇಗ ಎದ್ದು ಸಾಲಿನ ಮುಂದೆ ನಿಂತವರಿಗೇ ಪೆಟ್ಟು.

ಒಂದು ಸಾಲನ್ನು ಬಿಡಿಸಿ ನೋಡೋಣ. ಡೇಟಾಬೇಸಿನಲ್ಲಿ ಬರೆದಿದ್ದದ್ದು 2024-03-01 05:12:40. ಕ್ಲೈಂಟ್ ಪ್ರೋಗ್ರಾಂ ಅದನ್ನು ಯುನಿಕ್ಸ್ ಎಣಿಕೆಗೆ ತಿರುಗಿಸಿ 1709250160 ಎಂದು ರಿಪೋರ್ಟ್ ಸರ್ವರಿಗೆ ಕಳಿಸಿತ್ತು. ಈ ಅಂಕಿ ಸರಿಯಾಗಿಯೇ ಇತ್ತು. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯದಲ್ಲಿತ್ತು, ಅದು ಅದೇ ಅಂಕಿಯನ್ನು ಫೆಬ್ರವರಿ 29, ರಾತ್ರಿ 23:42:40 ಎಂದು ಓದಿಕೊಂಡಿತು. ಅದೂ ಸರಿಯೇ. ನಾನು ಆಗ ಮಾಡಿದ ರಿಪೇರಿ ಮಾತ್ರ ತಪ್ಪು. ಐದೂವರೆ ಗಂಟೆ ಅಂದರೆ 19800 ಸೆಕೆಂಡು, ಅದನ್ನು ಅಂಕಿಗೆ ಕೂಡಿಸಿಬಿಟ್ಟೆ. ರಿಪೋರ್ಟ್ ಸರಿಹೋಯಿತು. ಮಾರನೇ ದಿನ ಸೆಕ್ರೆಟರಿಯವರದ್ದು ಇನ್ನೊಂದು ಫೋನ್: “ಸಾರ್, ಮೊಬೈಲ್ ಆ್ಯಪಲ್ಲಿ ಬೆಳಗಿನ ಹಾಲು ಹತ್ತೂ ನಲವತ್ತಕ್ಕೆ ಹಾಕಿದ ಹಾಗೆ ತೋರಿಸ್ತಿದೆ.” ಆ್ಯಪ್ ತನ್ನ ಪಾಡಿಗೆ ಯುಟಿಸಿಯಿಂದ ಭಾರತೀಯ ಸಮಯಕ್ಕೆ ತಿರುಗಿಸುತ್ತಿತ್ತು. ನಾನು ಮೊದಲೇ ಒಂದು ಐದೂವರೆ ಕೂಡಿಸಿದ್ದೆ, ಅದು ಇನ್ನೊಂದನ್ನು ಕೂಡಿಸಿತು.

ಯುನಿಕ್ಸ್ ಅಂಕಿಗೆ ಕೂಡಿಸುವುದು, ಕಳೆಯುವುದು ಎಂದೂ ಪರಿಹಾರವಲ್ಲ ಎಂದು ಅಂದು ಕಲಿತೆ. ಸಮಯವಲಯದ ಮಾತು ಬರಬೇಕಾದದ್ದು ಎರಡೇ ಕಡೆ: ಗೋಡೆ ಗಡಿಯಾರದ ಸಮಯ ಅಂಕಿಯಾಗುವಾಗ, ಅಂಕಿ ಮತ್ತೆ ಗೋಡೆ ಗಡಿಯಾರದ ಸಮಯವಾಗುವಾಗ. ನಡುವೆ ಆ ಅಂಕಿಯನ್ನು ಯಾರೂ ಮುಟ್ಟಬಾರದು.

ಈ ಅಂಕಿ ಏನು

1970ರ ಜನವರಿ 1ರಂದು ಯುಟಿಸಿ ಪ್ರಕಾರ ನಡುರಾತ್ರಿ ಸೊನ್ನೆ ಗಂಟೆ. ಅಲ್ಲಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಎಣಿಕೆಯೇ ಯುನಿಕ್ಸ್ ಟೈಮ್. ಆ ಗಳಿಗೆಯಲ್ಲಿ ನಮ್ಮ ಗಡಿಯಾರ ಬೆಳಗಿನ ಐದೂವರೆ ತೋರಿಸುತ್ತಿತ್ತು. ಹಾಗಾಗಿ ನಿಮ್ಮ ಪರದೆಯ ಮೇಲೆ “1 ಜನವರಿ 1970, ಬೆಳಿಗ್ಗೆ 5:30” ಎಂದು ಕಂಡರೆ ಅದು ತಾರೀಕಲ್ಲ. ಎಲ್ಲೋ ಖಾಲಿ ಬಿಟ್ಟ ಕಾಲಂ ಸೊನ್ನೆಯಾಗಿ ಬಂದಿದೆ ಎಂದರ್ಥ.

ಪಂಚಾಂಗದ ಗಣಿತ ಬಲ್ಲವರಿಗೆ ಇದು ಹೊಸದಲ್ಲ. ಕಲಿಯುಗದ ಆದಿಯಿಂದ ಇಂದಿನವರೆಗೆ ಕಳೆದ ದಿನಗಳ ಎಣಿಕೆಗೆ ಅಹರ್ಗಣ ಎನ್ನುತ್ತಾರೆ. ಅಧಿಕಮಾಸ, ಕ್ಷಯತಿಥಿಗಳ ಗೊಡವೆಯೆಲ್ಲ ಕಳೆದು ಒಂದೇ ಅಂಕಿ ಉಳಿಯುತ್ತದೆ, ಗ್ರಹಗಳ ಲೆಕ್ಕ ಅದರಿಂದ ನಡೆಯುತ್ತದೆ. ಅಂಕಿ ತೀರಾ ಉದ್ದವಾಯಿತೆಂದು ಕರಣಗ್ರಂಥಗಳನ್ನು ಬರೆದವರು ತಮ್ಮ ಕಾಲಕ್ಕೆ ಹತ್ತಿರದ ದಿನವನ್ನೇ ಮೊದಲು ಮಾಡಿಕೊಂಡರು. ಭಾಸ್ಕರಾಚಾರ್ಯರ ಕರಣಕುತೂಹಲಕ್ಕೆ 1183, ಗಣೇಶ ದೈವಜ್ಞರ ಗ್ರಹಲಾಘವಕ್ಕೆ 1520. ದಿನ ಸೂರ್ಯೋದಯಕ್ಕೆ ಶುರುವೋ ನಡುರಾತ್ರಿಗೋ ಎಂಬ ಎರಡು ಪಕ್ಷಗಳೂ ಅವರಲ್ಲಿದ್ದವು. ನನ್ನ ಹಾಲಿನ ಲೆಕ್ಕ ಎಡವಿದ್ದೂ ದಿನ ಎಲ್ಲಿ ಶುರುವಾಗುತ್ತದೆ ಎಂಬಲ್ಲೇ.

ಯುನಿಕ್ಸಿನವರೂ ಮೊದಲು ಬೇರೆ ದಿನ ಇಟ್ಟುಕೊಂಡಿದ್ದರು. 1971ರ ಕೈಪಿಡಿಯಲ್ಲಿ ಎಣಿಕೆ ಶುರುವಾಗುವುದು ಅದೇ ವರ್ಷದ ಜನವರಿ 1ರಿಂದ, ಅದೂ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ. ಆ ಲೆಕ್ಕದಲ್ಲಿ 32 ಬಿಟ್ ಎರಡೂವರೆ ವರ್ಷದೊಳಗೆ ತುಂಬಿಹೋಗುತ್ತಿತ್ತು. ಅದಕ್ಕೇ ಸೆಕೆಂಡಿಗೆ ಬಂದರು.

ಇನ್ನು ಲೀಪ್ ಸೆಕೆಂಡ್, ಅಂದರೆ ಯುಟಿಸಿಗೆ ಆಗಾಗ ಸೇರಿಸುವ ಹೆಚ್ಚುವರಿ ಸೆಕೆಂಡು. 1972ರಿಂದ ಇಂಥವು 27 ಸೇರಿವೆ. ಕೊನೆಯದು ನಮ್ಮಲ್ಲಿ 2017ರ ಜನವರಿ 1ರ ಬೆಳಿಗ್ಗೆ 5:29:59ರ ನಂತರ ಬಂತು. ಯುನಿಕ್ಸ್ ಎಣಿಕೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಪ್ರತಿ ದಿನವೂ 86400 ಸೆಕೆಂಡೇ. ಹಾಲು, ಹಾಜರಿ, ಬಿಲ್ಲುಗಳ ಲೆಕ್ಕದವರು ಇದನ್ನು ಮರೆತುಬಿಡಬಹುದು.

ಯಾರ ಗಡಿಯಾರ?

ಕೋಡ್ ಬರೆಯುವ ಮೊದಲು ಕಾಲಂ ನೋಡಿ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬರೆದದ್ದು ಯಾರ ಗಡಿಯಾರ? ಉತ್ತರ ಕಾಲಂನ ಹೆಸರಿನಲ್ಲಿ ಇರುವುದಿಲ್ಲ, ಟೈಪಿನಲ್ಲಿ ಅರ್ಧ ಇರುತ್ತದೆ. ಇನ್ನರ್ಧವನ್ನು ಆ ಪ್ರೋಗ್ರಾಂ ಬರೆದವರನ್ನೇ ಕೇಳಿ ತಿಳಿಯಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ‘ಟೈಮ್‌ಸ್ಟ್ಯಾಂಪ್’ ಮತ್ತು ‘ಡೇಟ್‌ಟೈಮ್’ ಎಂಬ ಎರಡು ಟೈಪುಗಳಿವೆ. ನೋಡಲು ಅವಳಿಗಳಂತಿದ್ದರೂ ಗುಣ ಬೇರೆ. ಟೈಮ್‌ಸ್ಟ್ಯಾಂಪ್ ಒಳಗೆ ಯುಟಿಸಿಯಲ್ಲಿ ಕೂತಿರುತ್ತದೆ, ಕೇಳಿದವರ ಸೆಷನ್ನಿನ ವಲಯಕ್ಕೆ ತಿರುಗಿ ಹೊರಬರುತ್ತದೆ. ಡೇಟ್‌ಟೈಮ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ, ವಲಯದ ಸುದ್ದಿ ಅದಕ್ಕೆ ಗೊತ್ತಿಲ್ಲ. ‘ಯುನಿಕ್ಸ್_ಟೈಮ್‌ಸ್ಟ್ಯಾಂಪ್’ ಫಂಕ್ಷನ್ನಿಗೆ ಟೈಮ್‌ಸ್ಟ್ಯಾಂಪ್ ಕಾಲಂ ಕೊಟ್ಟರೆ ಒಳಗಿನ ಅಂಕಿಯೇ ನೇರ ಸಿಗುತ್ತದೆ. ಡೇಟ್‌ಟೈಮ್ ಕೊಟ್ಟರೆ ಅದನ್ನು ಸೆಷನ್ನಿನ ವಲಯದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಅಂದರೆ ನಿಮ್ಮ ಲ್ಯಾಪ್‌ಟಾಪಿನಿಂದ ಒಂದು ಅಂಕಿ, ಕ್ಲೌಡ್ ಸರ್ವರಿನಿಂದ ಇನ್ನೊಂದು. ಇದಕ್ಕೆ ಮದ್ದು, ಕನೆಕ್ಷನ್ ತೆರೆದ ಕೂಡಲೇ ಸೆಷನ್ನಿನ ‘ಟೈಮ್_ಝೋನ್’ ಅನ್ನು ನೀವೇ ಹೇಳಿಬಿಡುವುದು. ಕಾಲಂನಲ್ಲಿರುವುದು ಭಾರತೀಯ ಸಮಯವಾದರೆ ‘+05:30’ ಸಾಕು. ‘ಏಷ್ಯಾ/ಕೋಲ್ಕತಾ’ ಎಂದು ಹೆಸರಿನಲ್ಲಿ ಹೇಳಬೇಕಾದರೆ ವಲಯಗಳ ಟೇಬಲ್ಲುಗಳನ್ನು ಮೊದಲು ತುಂಬಿರಬೇಕು. ತುಂಬದಿದ್ದರೆ ‘ಕನ್ವರ್ಟ್_ಟಿಝಡ್’ ಸದ್ದಿಲ್ಲದೆ ‘ನಲ್’ ಕೊಟ್ಟು ಸುಮ್ಮನಾಗುತ್ತದೆ. ನಲ್ ನಿಮ್ಮ ಕ್ಲೈಂಟಿನಲ್ಲಿ ಸೊನ್ನೆಯಾದರೆ ಮತ್ತೆ ಅದೇ 1970ರ ಬೆಳಗಿನ ಐದೂವರೆ.

ಪೋಸ್ಟ್‌ಗ್ರೆಸ್ ಇದರಲ್ಲಿ ಹೆಚ್ಚು ಅಚ್ಚುಕಟ್ಟು, ಆದರೆ ಹೆಸರುಗಳು ದಾರಿ ತಪ್ಪಿಸುತ್ತವೆ. ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಎಂಬ ಟೈಪು ವಲಯವನ್ನು ಇಟ್ಟುಕೊಳ್ಳುವುದೇ ಇಲ್ಲ. ಬಂದದ್ದನ್ನು ಯುಟಿಸಿಗೆ ತಿರುಗಿಸಿ, 2000ದ ಜನವರಿ 1ರಿಂದ ಕಳೆದ ಮೈಕ್ರೋಸೆಕೆಂಡುಗಳಾಗಿ ಎಂಟು ಬೈಟಿನಲ್ಲಿ ಇಡುತ್ತದೆ. ಇದೂ ಕರಣಗ್ರಂಥದ ಜಾಣತನವೇ. ಅದನ್ನು ಬೈನರಿಯಾಗಿ ನೇರ ಓದುವ ಕ್ಲೈಂಟ್ ಬರೆದರೆ ಹತ್ತು ಲಕ್ಷದಿಂದ ಭಾಗಿಸಿ 946684800 ಕೂಡಿಸಬೇಕು. ಉಳಿದವರಿಗೆ ‘ಎಕ್ಸ್‌ಟ್ರ್ಯಾಕ್ಟ್’ ಮಾಡಿ ‘ಎಪೋಕ್’ ಕೇಳಿದರೆ ಅಂಕಿ ಸಿಗುತ್ತದೆ. ವಲಯವಿಲ್ಲದ ಟೈಮ್‌ಸ್ಟ್ಯಾಂಪಿಗೆ ಇದೇ ಪ್ರಶ್ನೆ ಹಾಕಿದರೆ ಅದನ್ನು ಯುಟಿಸಿ ಎಂದೇ ಹಿಡಿದು ಲೆಕ್ಕ ಕೊಡುತ್ತದೆ, ನಮ್ಮ ಹಾಲು ಐದೂವರೆ ಗಂಟೆ ಮುಂದೆ ಓಡುತ್ತದೆ. ಮೊದಲು ‘ಅಟ್ ಟೈಮ್ ಝೋನ್’ ಹಾಕಿ ವಲಯ ಹೇಳಿ, ಆಮೇಲೆ ಎಪೋಕ್ ಕೇಳಿ. ಒಂದೇ ಸಲ ಹಾಕಿ, ಏಕೆಂದರೆ ವಲಯವಿರುವುದರ ಮೇಲೆ ಅದನ್ನೇ ಇನ್ನೊಮ್ಮೆ ಹಾಕಿದರೆ ಉಲ್ಟಾ ತಿರುಗುತ್ತದೆ.

ಇಲ್ಲೇ ಇನ್ನೊಂದು ಮಾತು. ವಲಯವನ್ನು ‘ಐಎಸ್‌ಟಿ’ ಎಂದು ಮೂರಕ್ಷರದಲ್ಲಿ ಬರೆಯಬೇಡಿ. ಪೋಸ್ಟ್‌ಗ್ರೆಸ್‌ನ ಮೂಲ ಪಟ್ಟಿಯಲ್ಲಿ ಐಎಸ್‌ಟಿ ಅಂದರೆ ಇಸ್ರೇಲಿನ ಸಮಯ, ಯುಟಿಸಿಗಿಂತ ಎರಡು ಗಂಟೆ ಮುಂದೆ. ‘ಇಂಡಿಯಾ’ ಎಂಬ ಬೇರೆ ಪಟ್ಟಿಯೇನೋ ಇದೆ, ಅದನ್ನು ಹಾಕಿಕೊಳ್ಳಬೇಕೆಂದು ಯಾರಿಗೆ ನೆನಪಿರುತ್ತದೆ? ಮೂರೂವರೆ ಗಂಟೆಯ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಒರಾಕಲ್‌ನಲ್ಲಿ ಈ ಕೆಲಸಕ್ಕೆ ಸಿದ್ಧ ಫಂಕ್ಷನ್ ಇಲ್ಲದ್ದರಿಂದ ಎಲ್ಲರೂ ಬಳಸುವುದು ಹಳೇ ಉಪಾಯ: ‘ಡೇಟ್’ ಕಾಲಂನಿಂದ 1970ರ ಜನವರಿ 1 ಕಳೆದರೆ ದಿನಗಳ ಲೆಕ್ಕ ಬರುತ್ತದೆ, ಅದನ್ನು 86400ರಿಂದ ಗುಣಿಸಿ. ಡೇಟ್ ಕಾಲಂಗೂ ವಲಯ ಗೊತ್ತಿಲ್ಲ, ಹಾಗಾಗಿ ಕಳೆಯುವ ಮೊದಲು ಅದನ್ನು ಟೈಮ್‌ಸ್ಟ್ಯಾಂಪ್ ಆಗಿ ಬದಲಿಸಿ, ‘ಫ್ರಮ್_ಟಿಝಡ್’ನಿಂದ ವಲಯ ಅಂಟಿಸಿ ‘ಸಿಸ್_ಎಕ್ಸ್‌ಟ್ರ್ಯಾಕ್ಟ್_ಯುಟಿಸಿ’ಯಿಂದ ಯುಟಿಸಿಗೆ ತಂದು, ಮತ್ತೆ ಡೇಟ್ ಆಗಿಸಿಕೊಳ್ಳಿ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೊಸಬರು ಬೀಳುವ ಗುಂಡಿಯೇ ಬೇರೆ. ಅಲ್ಲಿ ‘ಟೈಮ್‌ಸ್ಟ್ಯಾಂಪ್’ ಎಂಬ ಟೈಪು ಸಮಯವೇ ಅಲ್ಲ. ಸಾಲು ಬದಲಾದಾಗಲೆಲ್ಲ ಏರುವ ಒಂದು ಕ್ರಮಸಂಖ್ಯೆ ಅದು, ಸರಿಯಾದ ಹೆಸರು ‘ರೋವರ್ಶನ್’. ಅದನ್ನು ತಾರೀಕಾಗಿ ಬಿಡಿಸಲು ಇಡೀ ಮಧ್ಯಾಹ್ನ ಕಳೆದವರನ್ನು ನಾನು ಬಲ್ಲೆ, ಒಬ್ಬನನ್ನಂತೂ ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ನಿಜವಾದ ಸಮಯದ ಕಾಲಂ ಇದ್ದರೆ ‘ಡೇಟ್‌ಡಿಫ್’ ಬದಲು ‘ಡೇಟ್‌ಡಿಫ್_ಬಿಗ್’ ಬಳಸಿ, 2016ರ ಆವೃತ್ತಿಯಿಂದ ಸಿಗುತ್ತದೆ. ಮೊದಲನೆಯದು 32 ಬಿಟ್‌ನಲ್ಲಿ ಉತ್ತರ ಕೊಡುವುದರಿಂದ 2038ರಾಚೆಯ ತಾರೀಕಿಗೆ ಎರರ್ ಹೊಡೆಯುತ್ತದೆ.

ಎಸ್‌ಕ್ಯೂಲೈಟ್‌ಗೆ ಸಮಯದ ಟೈಪೇ ಇಲ್ಲ. ಅಕ್ಷರವಾಗಿಯೋ, ಅಂಕಿಯಾಗಿಯೋ, ಜೂಲಿಯನ್ ದಿನಸಂಖ್ಯೆಯಾಗಿಯೋ ಬರೆದಿಟ್ಟಿರುತ್ತಾರೆ. ಕಾಲಂನಲ್ಲಿ 2440587.5 ಎಂದು ಕಂಡರೆ ಬೆಚ್ಚಬೇಡಿ, ಅದು ಯುನಿಕ್ಸಿನ ಸೊನ್ನೆ. 2022ರಲ್ಲಿ ಬಂದ 3.38 ಆವೃತ್ತಿಯಿಂದ ‘ಯುನಿಕ್ಸ್‌ಎಪೋಕ್’ ಎಂಬ ಫಂಕ್ಷನ್ ಇದೆ.

ಕ್ಲೈಂಟಿನೊಳಗೆ

ತಿರುಗಿಸುವ ಕೆಲಸ ಡೇಟಾಬೇಸಿನಲ್ಲಿ ಆಗಬೇಕೋ ಕ್ಲೈಂಟಿನಲ್ಲೋ ಎಂಬ ಜಗಳ ಹಳೆಯದು. ನನ್ನ ರೂಢಿ ಹೀಗೆ: ಕಾಲಂ ತಾನೇ ಯುಟಿಸಿಯಲ್ಲಿ ಕೂತಿದ್ದರೆ ಅಂಕಿಯನ್ನು ಡೇಟಾಬೇಸಿನಿಂದಲೇ ಕೇಳಿ ಪಡೆಯುತ್ತೇನೆ. ವಲಯವಿಲ್ಲದ ಕಾಲಂ ಆಗಿದ್ದರೆ ಹಾಗ್ಹಾಗೇ ತಂದು, ಕ್ಲೈಂಟಿನಲ್ಲಿ ವಲಯದ ಹೆಸರು ಹೇಳಿ ತಿರುಗಿಸುತ್ತೇನೆ. ಆಗ ಆ ಹೆಸರು ನನ್ನ ಕೋಡಿನಲ್ಲಿ ಕಣ್ಣಿಗೆ ಕಾಣುವಂತೆ ಇರುತ್ತದೆ, ಯಾವುದೋ ಸರ್ವರಿನ ಸೆಟ್ಟಿಂಗಿನಲ್ಲಿ ಅಡಗಿರುವುದಿಲ್ಲ.

ಪೈಥಾನ್‌ನಲ್ಲಿ ಡೇಟಾಬೇಸಿನಿಂದ ಬಂದ ಬೋಳು ‘ಡೇಟ್‌ಟೈಮ್’ ಮೇಲೆ ನೇರವಾಗಿ ‘ಟೈಮ್‌ಸ್ಟ್ಯಾಂಪ್’ ಕರೆದರೆ ಅದು ಓಡುತ್ತಿರುವ ಯಂತ್ರದ ವಲಯವನ್ನೇ ಹಿಡಿಯುತ್ತದೆ. ಮೊದಲು ‘ಝೋನ್‌ಇನ್ಫೋ’ದಿಂದ ಏಷ್ಯಾ/ಕೋಲ್ಕತಾ ತೆಗೆದು ‘ರಿಪ್ಲೇಸ್’ ಮಾಡಿ ಅಂಟಿಸಿ. 3.9ರಿಂದ ಇದು ಭಾಷೆಯೊಳಗೇ ಇದೆ. ಹಳೆಯ ‘ಪೈಟಿಝಡ್’ ಲೈಬ್ರರಿಯಲ್ಲಿ ಇದೇ ರಿಪ್ಲೇಸ್ ಮಾಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಮಯ ಐದೂವರೆ ಗಂಟೆಯಲ್ಲ, ಐದು ಗಂಟೆ ಐವತ್ಮೂರು ನಿಮಿಷ ಸರಿಯುತ್ತದೆ. ಅದು ಬ್ರಿಟಿಷರ ಕಾಲದ ಕಲ್ಕತ್ತೆಯ ಸ್ಥಳೀಯ ಸಮಯ. ಲೈಬ್ರರಿ ತನ್ನ ಪಟ್ಟಿಯ ಮೊದಲ ಸಾಲನ್ನೇ ಎತ್ತಿಕೊಟ್ಟಿರುತ್ತದೆ. ಲೆಕ್ಕದಲ್ಲಿ 23 ನಿಮಿಷದ ವ್ಯತ್ಯಾಸ ಕಂಡರೆ ಕಾರಣ ಹುಡುಕಿ ಅಲೆಯಬೇಡಿ, ‘ಲೋಕಲೈಸ್’ ಬಳಸಿ.

ಜಾವಾದಲ್ಲಿ ಹಳೆಯ ‘ಗೆಟ್‌ಟೈಮ್‌ಸ್ಟ್ಯಾಂಪ್’ ಬಿಟ್ಟು ‘ಲೋಕಲ್‌ಡೇಟ್‌ಟೈಮ್’ ಆಗಿ ಓದಿ, ‘ಅಟ್‌ಝೋನ್’ ಹಚ್ಚಿ, ‘ಟುಎಪೋಕ್‌ಸೆಕೆಂಡ್’ ಕೇಳಿ. ಮೂರು ಹೆಜ್ಜೆ, ಮೂರೂ ತಾವೇನು ಮಾಡುತ್ತಿದ್ದೇವೆ ಎಂದು ಹೇಳಿಕೊಂಡೇ ಮಾಡುತ್ತವೆ.

ಸಿ ಭಾಷೆಯವರಿಗೆ ಕೆಲಸ ಜಾಸ್ತಿ. ‘ಟಿಎಂ’ ಸ್ಟ್ರಕ್ಚರಿನಲ್ಲಿ ವರ್ಷ 1900ರಿಂದ, ತಿಂಗಳು ಸೊನ್ನೆಯಿಂದ. ಮೈಎಸ್‌ಕ್ಯೂಎಲ್‌ನ ಲೈಬ್ರರಿ ಕೊಡುವ ಸ್ಟ್ರಕ್ಚರಿನಲ್ಲಿ ವರ್ಷ 2024, ತಿಂಗಳು 3 ಎಂದೇ ಇರುತ್ತದೆ. ಕಳೆಯದೆ ತುಂಬಿದರೆ ಹಾಲು ನಲವತ್ತನೇ ಶತಮಾನಕ್ಕೆ ಹೋಗುತ್ತದೆ. ‘ಎಂಕೆಟೈಮ್’ ಯಂತ್ರದ ಸ್ಥಳೀಯ ವಲಯ ಹಿಡಿಯುತ್ತದೆ, ‘ಟೈಮ್‌ಜಿಎಂ’ ಯುಟಿಸಿ ಹಿಡಿಯುತ್ತದೆ. ಎರಡನೆಯದು ಬಹುಕಾಲ ಸ್ಟ್ಯಾಂಡರ್ಡಿನಲ್ಲಿ ಇರಲಿಲ್ಲ, ಸಿ23ರಲ್ಲಿ ಸೇರಿದೆ. ವಿಂಡೋಸ್‌ನಲ್ಲಿ ಅದರ ಹೆಸರು ‘_ಎಂಕೆಜಿಎಂಟೈಮ್’.

ಜಾವಾಸ್ಕ್ರಿಪ್ಟಿನ ಚೇಷ್ಟೆ ಇವೆಲ್ಲಕ್ಕಿಂತ ನಾಜೂಕು. ‘2024-03-01’ ಎಂದು ಬರೀ ತಾರೀಕು ಕೊಟ್ಟರೆ ಯುಟಿಸಿ ಎಂದು ಓದುತ್ತದೆ. ಅದಕ್ಕೇ ಟಿ ಅಕ್ಷರ ಸೇರಿಸಿ ಸೊನ್ನೆ ಗಂಟೆ ಎಂದು ಬರೆದು ಕೊಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ಒಂದೇ ದಿನ, ಒಂದೇ ಬ್ರೌಸರ್, ನಡುವೆ 19800 ಸೆಕೆಂಡು. ಸಾಲದ್ದಕ್ಕೆ ಅದು ಎಣಿಸುವುದು ಮಿಲಿಸೆಕೆಂಡಿನಲ್ಲಿ. ಸೆಕೆಂಡಿನ ಎಣಿಕೆ 2001ರ ಸೆಪ್ಟೆಂಬರ್ 9ರಿಂದ ಹತ್ತಂಕಿಯದ್ದು, ಮಿಲಿಸೆಕೆಂಡಿನದ್ದು ಹದಿಮೂರು. ಸೆಕೆಂಡನ್ನು ಮಿಲಿಸೆಕೆಂಡೆಂದು ಓದಿದರೆ ಇವತ್ತಿನ ತಾರೀಕೆಲ್ಲ 1970ರ ಜನವರಿಯಲ್ಲಿ ಗುಂಪುಗೂಡುತ್ತವೆ. ಉಲ್ಟಾ ಆದರೆ ಇಸವಿ ಐವತ್ತಾರು ಸಾವಿರ ದಾಟುತ್ತದೆ.

ದಿನದ ಗಡಿ

ಸೆಕೆಂಡನ್ನು 86400ರಿಂದ ಭಾಗಿಸಿ ದಿನವಾರು ಗುಂಪು ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಹಾಗೆ ಮಾಡಿದರೆ ದಿನ ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವ ಆಫೀಸಿನಲ್ಲಿ ಈ ತಪ್ಪು ವರ್ಷಗಟ್ಟಲೆ ಗೊತ್ತೇ ಆಗದೆ ಬದುಕಬಹುದು. ಹಾಲು, ಹೂವಿನ ಮಾರುಕಟ್ಟೆ, ನೈಟ್ ಶಿಫ್ಟ್, ಮೊದಲ ಬಸ್ಸು, ಇಂಥಲ್ಲಿ ಒಂದೇ ದಿನಕ್ಕೆ ಬಯಲಾಗುತ್ತದೆ.

ಒಂದು ದಿನದ ಸಾಲುಗಳನ್ನು ಹುಡುಕುವಾಗ ಕಾಲಂನ ಪ್ರತಿ ಸಾಲನ್ನೂ ಫಂಕ್ಷನ್ನಿಗೆ ತುರುಕಿ ತಿರುಗಿಸಬೇಡಿ, ಆ ಕಾಲಂ ಮೇಲಿನ ಇಂಡೆಕ್ಸ್ ಕೆಲಸಕ್ಕೆ ಬಾರದೆ ಹೋಗುತ್ತದೆ. ಗಡಿಗಳನ್ನು ಮಾತ್ರ ತಿರುಗಿಸಿ. ನಮ್ಮ 2024ರ ಮಾರ್ಚ್ 1 ಶುರುವಾಗುವುದು 1709231400ಕ್ಕೆ, ಮುಗಿಯುವುದು 1709317800ಕ್ಕೆ. ಮೊದಲನೆಯದಕ್ಕೆ ಸಮ ಅಥವಾ ಹೆಚ್ಚು, ಎರಡನೆಯದಕ್ಕಿಂತ ಕಡಿಮೆ. ‘23:59:59ರವರೆಗೆ’ ಎಂದು ಬರೆದರೆ ಆ ಕೊನೆಯ ಸೆಕೆಂಡಿನ ಭಿನ್ನರಾಶಿಯಲ್ಲಿ ಬಿದ್ದ ಸಾಲು ಎರಡು ದಿನಕ್ಕೂ ಸೇರದೆ ಕಾಣೆಯಾಗುತ್ತದೆ.

ನಮ್ಮಲ್ಲಿ ಈಗ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ 19800 ಎಂದು ಕೋಡಿನಲ್ಲೇ ಬರೆದರೂ ನಡೆದುಹೋಗುತ್ತದೆ ಎನ್ನುವವರಿದ್ದಾರೆ. ಎರಡು ಕಡೆ ನಡೆಯುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವಿನವರೆಗೆ, ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಇನ್ನು ನ್ಯೂಜೆರ್ಸಿಯಲ್ಲಿರುವ ಮಗಳು ಅದೇ ಆ್ಯಪ್ ತೆರೆದರೆ ಅಲ್ಲಿ ನವೆಂಬರಿನ ಮೊದಲ ಭಾನುವಾರ ರಾತ್ರಿ ಒಂದೂವರೆ ಎರಡು ಸಲ ಬರುತ್ತದೆ. ವಲಯದ ಹೆಸರು ಕೊಟ್ಟರೆ ಲೈಬ್ರರಿ ಇದೆಲ್ಲ ನೋಡಿಕೊಳ್ಳುತ್ತದೆ, ಅಂಕಿ ಕೊಟ್ಟರೆ ನೀವೇ ನೋಡಿಕೊಳ್ಳಬೇಕು.

ತಿರುಗಿಸಲೇಬಾರದ್ದೂ ಇದೆ. ಹುಟ್ಟಿದ ದಿನ ಒಂದು ತಾರೀಕು, ಗಳಿಗೆಯಲ್ಲ. ಅದನ್ನು ಸೆಕೆಂಡಾಗಿಸಿ ಯುಟಿಸಿಯಲ್ಲಿ ಓದಿದರೆ ಮಗು ಒಂದು ದಿನ ಮೊದಲೇ ಹುಟ್ಟುತ್ತದೆ. ‘ಮುಂದಿನ ವರ್ಷ ಜೂನ್ 10, ಬೆಳಿಗ್ಗೆ ಹತ್ತಕ್ಕೆ’ ಎಂಬ ಅಪಾಯಿಂಟ್‌ಮೆಂಟನ್ನೂ ಸಮಯ ಮತ್ತು ವಲಯದ ಹೆಸರಾಗಿಯೇ ಇಡುವುದು ಮೇಲು. ನಡುವೆ ಯಾವುದೋ ಸರ್ಕಾರ ಗಡಿಯಾರದ ನಿಯಮ ಬದಲಿಸಿದರೆ ಅಂಕಿಗೆ ಅದು ತಿಳಿಯುವುದಿಲ್ಲ.

32 ಬಿಟ್‌ನ ಎಣಿಕೆ 2147483647ಕ್ಕೆ ತುಂಬುತ್ತದೆ: 2038ರ ಜನವರಿ 19, ನಮ್ಮ ಬೆಳಿಗ್ಗೆ 8:44:07. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಂನ ಮಿತಿಯೂ ಅಲ್ಲಿಗೇ. ದೂರದ ಮಾತು ಅನ್ನಿಸಬಹುದು, ಆದರೆ ಇವತ್ತು ತೆಗೆದ ಇಪ್ಪತ್ತು ವರ್ಷದ ಮನೆ ಸಾಲದ ಕೊನೆಯ ಕಂತು ಅದರಾಚೆಗಿದೆ. ಕ್ಲೈಂಟಿನಲ್ಲಿ ಅಂಕಿ ಹಿಡಿಯುವ ವೇರಿಯಬಲ್ 64 ಬಿಟ್ ಇರಲಿ.

ಕೊನೆಗೆ ಪರೀಕ್ಷೆ. ನಿಮ್ಮ ಯಂತ್ರದ ವಲಯವನ್ನು ಬೇಕೆಂದೇ ಲಾಸ್ ಏಂಜಲೀಸ್‌ಗೆ ಬದಲಿಸಿ ಓಡಿಸಿ, ಆಮೇಲೆ ಯುಟಿಸಿಗೆ, ಆಮೇಲೆ ಕೋಲ್ಕತಾಕ್ಕೆ. ಮೂರರಲ್ಲೂ ಒಂದೇ ಅಂಕಿ ಬರಬೇಕು. ಬರದಿದ್ದರೆ ಕೋಡಿನಲ್ಲಿ ಎಲ್ಲೋ ವಲಯ ಹೇಳುವುದು ಮರೆತಿದ್ದೀರಿ. ಕೊಟ್ಟು ನೋಡಬೇಕಾದ ಬೆಲೆಗಳು ಹೆಚ್ಚಿಲ್ಲ: ಒಂದು ನಲ್, ಒಂದು 1970ಕ್ಕೆ ಮುಂಚಿನ ತಾರೀಕು, ಒಂದು 2038ರಾಚೆಯದು, ಒಂದು ನಸುಕಿನದು. ನಸುಕಿನದಕ್ಕೆ ನನ್ನ ಟೆಸ್ಟ್ ಫೈಲಿನಲ್ಲಿ ಈಗಲೂ ಮೊದಲ ಸಾಲಾಗಿ ಇರುವುದು ಮಾರ್ಚ್ 1ರ 05:12:40, ಎದುರಿಗೆ 1709250160. ಪಕ್ಕದ ಕಾಮೆಂಟಿನಲ್ಲಿ ಮೂರೂವರೆ ಲೀಟರ್ ಎಂದಿದೆ.